ಜೇಬಲ್ಲಿ ಹಿಡಿಯುವ ಒಳ್ಳೆ ಕ್ಯಾಮೆರಾ ಬೇಕು, ಮೊದಲು ಏನು ನೋಡಬೇಕು?

ಮೊದಲು ಸೆನ್ಸರ್ ಗಾತ್ರ ನೋಡಿ, ಮೆಗಾಪಿಕ್ಸೆಲ್ ಅಲ್ಲ. ಸೆನ್ಸರ್ ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್. ಮಳೆಗೆ ಇಟ್ಟ ಪಾತ್ರೆಯ ಬಾಯಿ ಅಗಲವಾದಷ್ಟೂ ಜಾಸ್ತಿ ನೀರು ಬೀಳುತ್ತದೆ ಅಲ್ವಾ, ಇಲ್ಲೂ ಹಾಗೇ, ಸಂಜೆ ಹೊತ್ತು ಅಥವಾ ಮನೆಯೊಳಗೆ ದೊಡ್ಡ ಸೆನ್ಸರ್ ಜಾಸ್ತಿ ಬೆಳಕು ಹಿಡಿಯುತ್ತದೆ, ಫೋಟೋ ಕಾಳುಕಾಳಾಗಿ ಕಾಣುವುದು ಕಮ್ಮಿಯಾಗುತ್ತದೆ. ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 6.2 × 4.6 ಮಿ.ಮೀ. ಸೆನ್ಸರ್. 'ಒಂದು ಇಂಚು' ಎಂದು ಕರೆಯುವುದು 13.2 × 8.8 ಮಿ.ಮೀ. (ಹೆಸರಲ್ಲಷ್ಟೇ ಇಂಚು), ಅಂದರೆ ನಾಲ್ಕು ಪಟ್ಟು ಜಾಗ. 2012ರ ಸೋನಿ ಆರ್‌ಎಕ್ಸ್100ರಲ್ಲಿ ಇದ್ದದ್ದು ಇದೇ.

ಆದರೆ ಸೆನ್ಸರ್ ದೊಡ್ಡದಾದರೆ ಅದನ್ನು ತುಂಬಲು ಲೆನ್ಸೂ ದೊಡ್ಡದಾಗಬೇಕು. ಜೇಬಿಗೆ ಹಿಡಿಯಬೇಕೆಂದರೆ ಏನಾದರೂ ಬಿಡಲೇಬೇಕು. ರಿಕೋ ಜಿಆರ್ 3ರಲ್ಲಿ ಎಪಿಎಸ್-ಸಿ ಎಂಬ ಇನ್ನೂ ದೊಡ್ಡ ಸೆನ್ಸರ್ ಇದೆ, ಒಂದು ಇಂಚಿನದರ ಮೂರು ಪಟ್ಟು, ಆದರೆ ಆಪ್ಟಿಕಲ್ ಜೂಮ್ (ಲೆನ್ಸಿನಿಂದಲೇ ದೂರದ್ದನ್ನು ಹತ್ತಿರ ತೋರಿಸುವುದು) ಇಲ್ಲ. ಬೀದಿಯಲ್ಲಿ ಜನರ ಫೋಟೋ ತೆಗೆಯುವ ಆಸೆ ನಿಮ್ಮದಾದರೆ ನಾನು ಅದನ್ನೇ ಹೇಳುತ್ತೇನೆ. ಪ್ರವಾಸಕ್ಕೆ ಜೂಮ್ ಬೇಕೇ ಬೇಕು ಅನ್ನುವವರು ಒಂದು ಇಂಚಿನದನ್ನು ಕೊಳ್ಳಿ, ಅದಕ್ಕಿಂತ ಚಿಕ್ಕ ಸೆನ್ಸರಿಗೆ ಸುಮ್ನೆ ದುಡ್ಡು ಹಾಕಬೇಡಿ.