ನಗಿಸುವ ಸಿನಿಮಾದಲ್ಲೂ ಯುದ್ಧದ ಪ್ರಚಾರವೇ?

ಪ್ರಶ್ನೆ: ಹೆಲ್ಸಿಂಕಿಯಲ್ಲಿ ನೌಕರಿ ಮಾಡುವ ನನ್ನ ತಮ್ಮ 1941ರ ಫಿನ್ನಿಷ್ ಹಾಸ್ಯ ಚಿತ್ರವೊಂದರ ಪೋಸ್ಟರ್ ತಂದಿದ್ದಾನೆ. ಇದು ಯುದ್ಧಪ್ರಚಾರ ಎನ್ನುತ್ತಾನೆ, ನಿಜವೇ? ಹಳೆಯ ರೀಲನ್ನೂ ಕೊಳ್ಳಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ. ಫಿನ್ಲೆಂಡ್ 1939ರಿಂದ 1944ರವರೆಗೆ ಸೋವಿಯತ್ ಒಕ್ಕೂಟದೊಡನೆ ಎರಡು ಯುದ್ಧ ಮಾಡಿತು. ಯುದ್ಧಕಾಲದಲ್ಲಿ ಸಾರ್ವಜನಿಕ ನೃತ್ಯಕ್ಕೆ ನಿಷೇಧವಿತ್ತು. ಮನರಂಜನೆಗೆ ಚಿತ್ರಮಂದಿರವೇ ದಿಕ್ಕು. ಅಲ್ಲಿ ಇಬ್ಬರು ಸೈನಿಕರು ಶತ್ರುವನ್ನು ಪೆದ್ದನನ್ನಾಗಿಸುವ ಕಥೆಗಳು ಬಂದವು. ಭಾಷಣಕ್ಕಿಂತ ಇಂಥ ನಗು ಆಳಕ್ಕೆ ಇಳಿಯುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ: ಹೆದರಿಸುವ ಶತ್ರು ಒಮ್ಮೆ ನಗೆಪಾಟಲಾದರೆ ಮನೆಯವರಿಗೂ ಧೈರ್ಯ ಬರುತ್ತದೆ.

1944ರ ಸೆಪ್ಟೆಂಬರಿನ ಕದನವಿರಾಮದ ನಂತರ ಸೋವಿಯತ್ ವಿರೋಧಿ ಎನಿಸಿದ ಚಿತ್ರಗಳನ್ನು ಪ್ರದರ್ಶನದಿಂದ ಹಿಂತೆಗೆದರು. ಸಂಗ್ರಾಹಕರ ಆಸಕ್ತಿಗೆ ಅದೂ ಒಂದು ಕಾರಣ.

ಪೋಸ್ಟರನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣದ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಈಚಿನ ಮರುಮುದ್ರಣ ಇರಬಹುದು. ಕಲ್ಲಚ್ಚಾದರೆ (ಕಲ್ಲಿನ ಮೇಲೆ ಬರೆದ ಚಿತ್ರದಿಂದ ಅಚ್ಚೊತ್ತುವ ಹಳೆಯ ವಿಧಾನ) ಬಣ್ಣ ಒರಟು ಮರಳಿನಂತೆ ಹರಡಿರುತ್ತದೆ. ಮಡಿಕೆಯ ಗೆರೆಗಳಿಗೆ ಬೇಸರಿಸಬೇಡಿ, ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ರೀಲು ಮಾತ್ರ ಬೇಡ. ಆ ಕಾಲದ 35 ಮಿ.ಮೀ. ರೀಲುಗಳು ಹೆಚ್ಚಾಗಿ ನೈಟ್ರೇಟ್ ಎಂಬ, ಬೇಗ ಹೊತ್ತಿಕೊಳ್ಳುವ ಹಳೆಯ ಬಗೆಯ ಫಿಲಂನವು. ಹಳತಾದಂತೆ ಅಂಟಂಟಾಗಿ, ಕಂದು ಪುಡಿಯಾಗುತ್ತವೆ, ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಅಟ್ಟದ ಮೇಲಿಡುವುದು ಅಪಾಯ. ಸಿಕ್ಕರೆ ಹಳೆಯ ಚಿತ್ರಗಳನ್ನು ಕಾಪಾಡುವ ಹೆಲ್ಸಿಂಕಿಯ ರಾಷ್ಟ್ರೀಯ ಆಡಿಯೋವಿಶುವಲ್ ಸಂಸ್ಥೆಗೆ ತಿಳಿಸಲು ತಮ್ಮನಿಗೆ ಹೇಳಿ.