ಮಡಿಕೇರಿಯಲ್ಲಿ ಪಂದಿ ಕರಿ: ನಿಮ್ಮ ಪ್ರಶ್ನೆಗೆ

ಕೊಡಗಿನ ಹಂದಿಮಾಂಸದ ಸಾರು ಪಂದಿ ಕರಿ ಎಲ್ಲಿ ಚೆನ್ನಾಗಿರುತ್ತದೆ, ಜೊತೆಗೆ ಬರುವ ಸಸ್ಯಾಹಾರಿ ಅಮ್ಮನಿಗೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಮಡಿಕೇರಿಯ ಕೂರ್ಗ್ ಕ್ಯುಸಿನೆಟ್ ಹೋಟೆಲಿಗೆ ಮಧ್ಯಾಹ್ನವೇ ಹೋಗಿ. ಪಂದಿ ಕರಿಯ ಜೊತೆ ತಿನ್ನುವ ಅಕ್ಕಿತರಿಯ ಉಂಡೆ ಕಡಂಬುಟ್ಟು ಹಬೆಯಿಂದ ಇಳಿಸಿದ ಬಿಸಿಯಲ್ಲಷ್ಟೇ ಮೆತ್ತಗಿರುತ್ತದೆ. ಆರಿದರೆ ಅಕ್ಕಿತರಿ ಬಿರುಸಾಗಿ ಸಾರು ಹೀರುವುದಿಲ್ಲ.

ಬೇರೆ ಹೋಟೆಲಿಗೆ ಹೋದರೂ ಮೊದಲು ಪಂದಿ ಕರಿಯ ಬಣ್ಣ ನೋಡಿ. ಕಪ್ಪಾಗುವಷ್ಟು ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಯ ಮೇಲೆ ಕೊನೆಯಲ್ಲಿ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ಕೊಡಗಿನ ಕಪ್ಪು ಹುಳಿ) ಬಿದ್ದಿದ್ದರೆ ಗಾಢ ಕಂದು, ಹೆಚ್ಚುಕಡಿಮೆ ಕಪ್ಪೇ ಇರಬೇಕು. ಕೆಂಪಗಿದ್ದು, ಹುಳಿ ಥಟ್ಟನೆ ನಾಲಿಗೆಗೆ ಚುಚ್ಚಿದರೆ ವಿನೆಗರ್ ಅಥವಾ ನಿಂಬೆರಸ ಹಾಕಿರುವ ಸಾಧ್ಯತೆಯೇ ಹೆಚ್ಚು. ಕೊಬ್ಬು, ತೊಗಲು ಇರುವ ತುಂಡನ್ನೇ ಕೇಳಿ, ರುಚಿಯೆಲ್ಲ ಅಲ್ಲೇ ಇದೆ.

ಅಮ್ಮನಿಗೆ ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ), ತರಕಾರಿ ಕರಿ. ಮಳೆಗಾಲವಾದರೆ ಕಣಿಲೆ (ಎಳೆ ಬಿದಿರಿನ ಮೊಳಕೆ) ಅಥವಾ ಅಣಬೆ. ಅವತ್ತು ಮಾಡಿದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಿ.