ಅಡಿಕೆ ಸಿಪ್ಪೆ ನಾರು ಪಾಲಿಪ್ರೊಪಿಲೀನ್‌ಗೆ ಅಂಟುತ್ತಿಲ್ಲವೇ?

ಅಡಿಕೆ ಸಿಪ್ಪೆಯ ನಾರನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಬೆರೆಸಿ ಹಲಗೆ ಮಾಡುತ್ತಿದ್ದೀರಿ; ನಾರನ್ನು ಕಾಸ್ಟಿಕ್ ಸೋಡಾ 5% ದ್ರಾವಣದಲ್ಲಿ ನೆನೆಸಿದರೂ ಹಲಗೆ ಮುರಿದಾಗ ಅದು ಹಾಗೇ ಕಿತ್ತುಬರುತ್ತದೆ, 10% ಮಾಡಲೇ ಎಂದು ಕೇಳಿದ್ದೀರಿ. ಬೇಡ. ಅಷ್ಟು ಖಾರವಾದರೆ ನಾರೇ ಸೊರಗುತ್ತದೆ.

ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ನಾರು ಕಿತ್ತಲ್ಲಿ ನುಣುಪಾದ ತೂತು ಉಳಿದಿದ್ದರೆ ಅದು ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ ಅಂತ ಅರ್ಥ. ಸೋಡಾ ಮಾಡುವುದು ಇಷ್ಟೇ: ನಾರಿನ ಮೇಣ, ಅದರ ಎಳೆಗಳನ್ನು ಅಂಟಿಸಿಡುವ ಹೆಮಿಸೆಲ್ಯುಲೋಸ್, ಒಂದಷ್ಟು ಲಿಗ್ನಿನ್ ತೆಗೆದು ಮೈಯನ್ನು ಒರಟಾಗಿಸುತ್ತದೆ. ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಅದಕ್ಕೇ. ಆದರೆ ನಾರಿನಲ್ಲಿ ಉಳಿಯುವ ಸೆಲ್ಯುಲೋಸಿಗೆ ನೀರೆಂದರೆ ಪ್ರಾಣ, ಪಾಲಿಪ್ರೊಪಿಲೀನ್‌ಗೆ ಆಗದು. ಆ ಜಗಳ ಹಾಗೇ ಉಳಿಯುತ್ತದೆ.

ನಡುವೆ ಒಬ್ಬ ದಲ್ಲಾಳಿ ಬೇಕು. ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್, ಅಂದರೆ ಎಂಎಪಿಪಿ ಕಾಳು ಸಿಗುತ್ತದೆ. ಅದರ ಅನ್‌ಹೈಡ್ರೈಡ್ ತುದಿ ನಾರಿನ ಹೈಡ್ರಾಕ್ಸಿಲ್ (OH) ಗುಂಪಿನ ಜೊತೆ ಎಸ್ಟರ್ ಎಂಬ ರಾಸಾಯನಿಕ ಬಂಧ ಕಟ್ಟುತ್ತದೆ, ಉದ್ದನೆಯ ಬಾಲ ಪ್ಲಾಸ್ಟಿಕ್ಕಿನೊಳಗೆ ಹೆಣೆದುಕೊಳ್ಳುತ್ತದೆ. 3% ಹಾಕಿ ಶುರುಮಾಡಿ. ಹೆಚ್ಚು ಸುರಿದರೆ ಲಾಭವಿಲ್ಲ, ಖರ್ಚು ಮಾತ್ರ.

ಸೋಡಾದಿಂದ ತೆಗೆದ ನಾರನ್ನು ಲಿಟ್ಮಸ್ ಬಣ್ಣ ಬದಲಾಗದಷ್ಟು ತೊಳೆಯಿರಿ, ಓವನ್‌ನಲ್ಲಿ 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ನನ್ನ ಮೊದಲ ಹಲಗೆ ಬ್ರೆಡ್ಡಿನಂತೆ ಗುಳ್ಳೆಗುಳ್ಳೆಯಾಗಿತ್ತು, ಬಿಸಿಲಲ್ಲಿ ಒಣಗಿದ್ದು ಸಾಕು ಅಂದುಕೊಂಡಿದ್ದೆ. ಅಚ್ಚು 200 ಡಿಗ್ರಿ ದಾಟದಿರಲಿ, ನಾರು ಕಂದುತ್ತದೆ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೋಡಾ ಕಲಸಬೇಡಿ, ಪಾತ್ರೆಯನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರಲ್ಲ. ಕೈಗವಸು, ಕನ್ನಡಕ ಇರಲಿ.